ಟ್ಯಾಂಕಿನ ಮೇಲಿನ ಅಡ್ಡಗೀಟು

ಹೋದ ಮಂಗಳವಾರ ಮೊಮ್ಮಗನ ಬೈಕಿನ ಹಿಂದಿನ ಚಕ್ರ ಪಂಕ್ಚರ್ ಆಯಿತು. ನ್ಯಾಮತಿ ಬಸ್ ಸ್ಟ್ಯಾಂಡಿನ ಎದುರು ತೇಪೆ ಹಾಕಿಸಿಕೊಂಡು ಬಂದ. ಗಾಡಿಯನ್ನು ಜಗಲಿಗೆ ಒರಗಿಸಿದಾಗ ಕಾದ ರಬ್ಬರಿನ ವಾಸನೆ ಇನ್ನೂ ಆರಿರಲಿಲ್ಲ. ಟೈರು ಸವೆದ ಕಡೆ ಅಂಗಡಿಯವನು ಸೀಮೆಸುಣ್ಣದಿಂದ ಒಂದು ಅಡ್ಡಗೀಟು ಎಳೆದು ಕಳಿಸಿದ್ದ. ನಾನು ಓದುತ್ತಿದ್ದ ಪತ್ರಿಕೆಯನ್ನು ಮಡಿಸಿಟ್ಟೆ. ಅಂಥ ಗೀಟನ್ನು ಗಾಡಿಯ ಮೇಲೆ ನೋಡಿ ಐವತ್ತು ವರ್ಷದ ಮೇಲಾಗಿತ್ತು.

ಅಂಥ ಗೀಟು ಎಳೆಯುತ್ತಿದ್ದವರು ನಮ್ಮ ಮಿಸ್ತ್ರಿ.

ಎರಡನೆಯ ಮಹಾಯುದ್ಧ ಶುರುವಾಗುವ ಮೊದಲಿನ ಮಾತು. ನಾನು ನ್ಯಾಮತಿಯ ಶಾಲೆಗೆ ಹೊಸದಾಗಿ ಬಂದ ಮೇಷ್ಟ್ರು, ವಾಸ ನಮ್ಮ ದೊಡ್ಡಮ್ಮನ ಮನೆಯಲ್ಲಿ. ಐದಕ್ಕೆ ಏಳುವುದು, ಆರಕ್ಕೆ ಸ್ನಾನ, ಆರೂವರೆಗೆ ಪೂಜೆ. ಅದು ಇಂದಿಗೂ ತಪ್ಪಿಲ್ಲ. ಮನೆಯ ಮುಂದಿನ ಕಟ್ಟೆಯ ಮೇಲೆ ಹೊನ್ನಾಳಿಯ ಸಾಬರೊಬ್ಬರು ಸೈಕಲ್ ರಿಪೇರಿಗೆ ಕೂರುತ್ತಿದ್ದರು. ಅವರನ್ನೇ ಎಲ್ಲರೂ ಮಿಸ್ತ್ರಿ ಎನ್ನುತ್ತಿದ್ದುದು. ಆಮೇಲೆ ಸುತ್ತಿನ ಊರುಗಳಿಗೆ ಒಂದೊಂದೇ ಫಟಫಟಿ, ಅಂದರೆ ಮೋಟಾರು ಸೈಕಲ್ಲು, ಬಂದಾಗ ಅವುಗಳನ್ನೂ ಬಿಚ್ಚಿ ಕಟ್ಟುವುದನ್ನು ತಾವೇ ಕಲಿತರು. ನಮ್ಮ ಕೇರಿ ಲಿಂಗಪೂಜೆಯ ಮನೆಗಳ ಕೇರಿ. ಮಿಸ್ತ್ರಿ ಅಲ್ಲಿ ಇದ್ದಷ್ಟು ವರ್ಷವೂ ಕೆಲಸದ ದಿನ ಮಾಂಸ ಮುಟ್ಟಲಿಲ್ಲ. ಯಾರೂ ಹೇಳಿರಲಿಲ್ಲ. ಜೋಳದ ರೊಟ್ಟಿ, ಈರುಳ್ಳಿ, ಹಸಿಮೆಣಸಿನಕಾಯಿ, ಹನ್ನೊಂದು ಗಂಟೆಗೆ ದೊಡ್ಡಮ್ಮ ಕೊಡುವ ಮಜ್ಜಿಗೆ. ಯಾಕೆಂದು ಒಮ್ಮೆ ಕೇಳಿದೆ. ಅವರು ನಟ್ಟು ತಿರುಗಿಸುತ್ತಲೇ ನಕ್ಕರು.

"ನಿಮ್ಮ ಕಟ್ಟೆ ಮ್ಯಾಲೆ ಕುಂತು ದುಡೀತೀನಿ ಮೇಷ್ಟ್ರೇ. ಬಾಯಿ ವಾಸನೆ ಬಂದ್ರೆ ನಿಮ್ ದೊಡ್ಡಮ್ಮಾರು ಹತ್ರ ಬಂದು ಮಜ್ಜಿಗೆ ಕೊಡಾಕೆ ಹೆಂಗ್ ಆಗ್ತೈತೆ? ನನಗೆ ಮಟನ್‌ಗಿಂತ ಆ ಮಜ್ಜಿಗೆ ಮೇಲು."

ಅವರಿಗೆ ಅಕ್ಷರ ಬರುತ್ತಿರಲಿಲ್ಲ. ಹುಡುಗರ ಸ್ಲೇಟಿನಲ್ಲಿ ತಪ್ಪು ಲೆಕ್ಕಕ್ಕೆ ನಾನು ಅಡ್ಡಗೀಟು ಎಳೆಯುವುದನ್ನು ನೋಡಿದ್ದರು. ಒಂದು ದಿನ ಬಂದು, "ಮುರಿದ ಸೀಮೆಸುಣ್ಣ ಇದ್ರೆ ಕೊಡ್ರಿ, ನಾನೂ ತಪ್ಪು ಹಾಕ್ತೀನಿ" ಎಂದರು. ಅಂದಿನಿಂದ ರಿಪೇರಿಗೆ ಬಂದ ಪ್ರತಿ ಫಟಫಟಿಯ ಪೆಟ್ರೋಲ್ ಟ್ಯಾಂಕಿನ ಮೇಲೂ ಒಂದು ಗುರುತು. ಸೊನ್ನೆ ಹಾಕಿದರೆ ಎಷ್ಟು ಬೇಕಾದರೂ ಓಡಿಸಬಹುದು. ಅಡ್ಡಗೀಟು ಹಾಕಿದರೆ ಮೆಲ್ಲಗೆ ಮನೆಗೆ ಹೋಗಬಹುದು, ಪಂದ್ಯಕ್ಕೆ ಬಿಡಬಾರದು.

ಪಂದ್ಯ ಎಂದೆನಲ್ಲ... ಅದನ್ನು ಹೇಳಬೇಕು. ಚನ್ನಗಿರಿಯ ಅಡಿಕೆ ಸಾಹುಕಾರರ ಮಗ, ಹೊನ್ನಾಳಿಯ ಒಬ್ಬ ರಸ್ತೆ ಕಂಟ್ರಾಕ್ಟರ್, ಜಗಳೂರಿನ ಒಬ್ಬ ಜಮೀನ್ದಾರ, ಇನ್ನೂ ಮೂರು ನಾಲ್ಕು ಜನ ಸೇರಿ ಒಂದು ಫಟಫಟಿ ಸಂಘ ಮಾಡಿಕೊಂಡಿದ್ದರು. ಕಟಾವು ಮುಗಿದ ಮೇಲೆ ಜಗಳೂರಿನಿಂದ ಸೊಕ್ಕೆ ಕಡೆಗೆ ಹೋಗುವ ಬಯಲಿನಲ್ಲಿ ಭಾನುವಾರಗಳಂದು ಓಟ. ನನ್ನಲ್ಲಿ ಸೆಕೆಂಡ್ ಮುಳ್ಳಿನ ಗಡಿಯಾರವಿತ್ತು. ಸರಿಯಾದ ಸಮಯ ಬರೆದಿಡುವವರು ಬೇಕೆಂದು ನನ್ನನ್ನು ಕರೆದರು. ಮಿಸ್ತ್ರಿಯೂ ಇರುತ್ತಾರೆಂದು ಹೋದೆ.

ಯುದ್ಧ ಬಂತು. ಪೆಟ್ರೋಲಿಗೆ ಕೂಪನ್ ಆಯಿತು, ಬಸ್ಸುಗಳು ಇದ್ದಿಲಿನ ಗ್ಯಾಸಿನಲ್ಲಿ ಏದುಸಿರು ಬಿಡುತ್ತ ಓಡಿದವು. ಹೊಸ ಟೈರು ಕಣ್ಣಿಗೆ ಬೀಳುತ್ತಿರಲಿಲ್ಲ. ಆದರೂ ಇವರ ಓಟ ನಿಲ್ಲಲಿಲ್ಲ. ಚನ್ನಗಿರಿಯವರ, ಅಂದರೆ ಆ ಸಾಹುಕಾರರ ಮಗನ, ಗಾಡಿಯ ಹಿಂದಿನ ಟೈರು ಸೀಳಿತ್ತು. ಮಿಸ್ತ್ರಿ ಹಳೆಯ ಟೈರಿನ ತುಂಡೊಂದನ್ನು ಸೀಳಿನ ಒಳಗಡೆ ತೇಪೆಯಂತೆ ಇಟ್ಟರು, ಅದಕ್ಕೆ ಗೇಟ್ರು ಹಾಕುವುದು ಎನ್ನುತ್ತಿದ್ದರು. ಟ್ಯಾಂಕಿನ ಮೇಲೆ ಉದ್ದಕ್ಕೆ ಅಡ್ಡಗೀಟು ಎಳೆದರು. ಅದನ್ನು ನಾನು ನಮ್ಮ ಕಟ್ಟೆಯ ಮೇಲೆ ನೋಡಿದೆ. ಆ ಭಾನುವಾರ ಬಯಲಿನಲ್ಲೂ ನೋಡಿದೆ. ಚನ್ನಗಿರಿಯವರು ಜೇಬಿನಿಂದ ಕರವಸ್ತ್ರ ತೆಗೆದು, ಎಂಜಲು ಹಚ್ಚಿ, ಆ ಗೀಟನ್ನು ಒರೆಸಿದರು. ಅದನ್ನೂ ನೋಡಿದೆ. ನನ್ನ ಕೆಲಸ ಗಡಿಯಾರದ್ದು. ಅದಕ್ಕೆ ಕೀ ಕೊಡುತ್ತ ನಿಂತೆ.

ಆ ಫಟಫಟಿಗೆ ಪಕ್ಕದಲ್ಲೊಂದು ತೊಟ್ಟಿಲಿನಂಥ ಗಾಡಿ ಜೋಡಿಸಿತ್ತು. ತಿರುವಿನಲ್ಲಿ ಮಗುಚದಂತೆ ವಾಲಿ ತೂಕ ಕೊಡಲು ಅದರಲ್ಲೊಬ್ಬ ಕೂರಬೇಕು. ಕೂರಿಸಲು ಚನ್ನಗಿರಿಯವರು ತಮ್ಮ ಆಳನ್ನು ಕರೆದರು. ಮಿಸ್ತ್ರಿ ಟ್ಯಾಂಕು ನೋಡಿದರು, ಗೀಟು ಇರಲಿಲ್ಲ. ಆಳನ್ನು ಪಕ್ಕಕ್ಕೆ ಸರಿಸಿ ತಾವೇ ಹತ್ತಿದರು. ನಾನು ಹತ್ತಿರ ಹೋಗಿ, "ನೀವ್ಯಾಕೆ?" ಎಂದೆ.

"ನಾನು ಹಾಕಿದ ಗೀಟು ಅಳಿಸ್ಯಾರೆ ಅಂದ್ರೆ ನಾನೇ ಕೂರ್ಬೇಕು ಮೇಷ್ಟ್ರೇ. ಬ್ಯಾರೆಯವ್ರ ಮಗನ್ನ ಕೂರ್ಸಾಕೆ ಬರಾದಿಲ್ಲ. ನೀವು ಟೈಮ್ ನೋಡ್ರಿ."

ಎರಡನೆಯ ತಿರುವಿನಲ್ಲಿ ಟೈರು ಸಿಡಿಯಿತು. ತೊಟ್ಟಿಲು ಕಲ್ಲಿಗೆ ಬಡಿಯಿತು. ಚನ್ನಗಿರಿಯವರಿಗೆ ಭುಜದ ಮೂಳೆ ಮುರಿಯಿತು, ಅಷ್ಟೆ. ಮಿಸ್ತ್ರಿ ಅಲ್ಲಿಯೇ...

ಒಂದು ತಿಂಗಳೊಳಗೆ ನಾಲ್ಕೂ ಊರುಗಳಲ್ಲಿ ಒಂದೇ ಮಾತು: ಮಿಸ್ತ್ರಿ ಗೇಟ್ರು ಸರಿಯಾಗಿ ಹಾಕಿರಲಿಲ್ಲವಂತೆ. ಕಟ್ಟೆಯ ಮೇಲೆ ಈಗ ಅವರ ತಮ್ಮ ಕೂರುತ್ತಿದ್ದ. ಅವನ ಮುಂದೆ ಗಾಡಿ ನಿಲ್ಲುವುದು ಕಡಿಮೆಯಾಯಿತು. "ಆ ಮನೆ ಕೈ ಬ್ಯಾಡಪ್ಪ" ಎಂದು ಸೈಕಲ್ಲಿನವರೂ ಮುಂದೆ ಹೋಗುತ್ತಿದ್ದರು.

ವರ್ಷ ತುಂಬಿತು. ಅದೇ ಬಯಲಿನಲ್ಲಿ ಮಿಸ್ತ್ರಿಯ ನೆನಪಿಗೆ ಅಡುಗೆ ಮಾಡಿ ಊಟ ಹಾಕುತ್ತೇವೆ, ಸ್ವಯಂಸೇವಕರು ಬೇಕು ಎಂದು ಸಂಘದವರು ಹೇಳಿಕಳಿಸಿದರು. ನಾನು ಹೆಸರು ಕೊಟ್ಟೆ. ಎಲೆ, ನೀರು, ಅನ್ನ, ಮಜ್ಜಿಗೆ ನನ್ನ ಪಾಲು. ಎದೆಗೆ ಚುಚ್ಚಿಕೊಳ್ಳಲು ಕೆಂಪು ಬಟ್ಟೆಯ ಬಿಲ್ಲೆ ಕೊಟ್ಟರು. ಕಂಟ್ರಾಕ್ಟರರ ಲಾರಿಯಲ್ಲಿ ಹಂಡೆ ಕೊಳಗಗಳ ನಡುವೆ ಕುಳಿತು ಹೋಗುವಾಗ ಹೊನ್ನಾಳಿಯಲ್ಲಿ ಮಿಸ್ತ್ರಿಯ ತಾಯಿಯೂ ಹತ್ತಿದರು. ನನ್ನ ಪಕ್ಕ ಕೂತು ದಾರಿಯುದ್ದಕ್ಕೂ ಒಂದೇ ಮಾತು.

"ಚನ್ನಗಿರಿಯವ್ರು ನಾಕು ಮಂದಿ ಮುಂದೆ ಒಂದ್ ಮಾತು ಹೇಳಿದ್ರೆ ಸಾಕು ಮೇಷ್ಟ್ರೇ. ನನ್ನ ಮಗನ ಕೆಲ್ಸ ತಪ್ಪಲ್ಲ ಅಂತ. ಸಣ್ಣವ್ನಿಗೆ ಅನ್ನ ಹುಟ್ತೈತೆ. ಹೇಳ್ತಾರಲ್ರೀ?"

"ಹೇಳ್ತಾರಮ್ಮ" ಎಂದೆ. ಯಾವ ಧೈರ್ಯದ ಮೇಲೆ ಹೇಳಿದೆನೋ.

ಬಯಲಿಗೆ ಇಳಿದೆವು. ಅದೇ ಫಟಫಟಿಗೆ ಹೊಸ ಬಣ್ಣ ಬಳಿದು, ಹಾರ ಹಾಕಿ ನಿಲ್ಲಿಸಿದ್ದರು. ಮಿಸ್ತ್ರಿಯ ಚಿತ್ರ ಯಾರ ಬಳಿಯೂ ಇರಲಿಲ್ಲ, ಕೊಂದ ಗಾಡಿಯ ಮುಂದೆಯೇ ಎಡೆಯ ಎಲೆ ಹಾಸಿದ್ದರು. ಎಣ್ಣೆಯ ಡಬ್ಬಗಳನ್ನು ತೊಳೆಯದೆ ಅದರಲ್ಲೇ ನೀರು ಕಾಯಿಸುತ್ತಿದ್ದರು. ಮೂರು ಕುರಿ ಕೊಯ್ದಿದ್ದರು. ಕೊಬ್ಬು ಸೀಯುವ ವಾಸನೆ, ಪೆಟ್ರೋಲಿನ ವಾಸನೆ, ಹೆಂಡದ ಸೀಸೆಗಳ ವಾಸನೆ, ಎಲ್ಲ ಸೇರಿ ಗಾಳಿಯೇ ಜಿಡ್ಡಾಗಿತ್ತು. ಮಾಂಸ ತಿನ್ನುವವರ ಬಗ್ಗೆ ನನಗೆ ಎಂದೂ ಅಸಹ್ಯವಿಲ್ಲ, ಅದು ಅವರವರ ಮನೆಯ ಊಟ. ಆದರೆ ಅಲ್ಲಿ ಕೂತ ಬಹುಮಂದಿಗೆ ಅದು ಮನೆಯಲ್ಲಿ ಹೊಸಿಲು ದಾಟದ ಪದಾರ್ಥ. ಊರಿನಿಂದ ಅಷ್ಟು ದೂರ ಬಂದು ಕದ್ದು ತಿನ್ನಲು ಅವರಿಗೊಂದು ನೆಪ ಬೇಕಿತ್ತು. "ಸಾಬರ ನೆನಪಿನ ಊಟ, ಅವ್ರಿಗೆ ಇದೇ ಅಲ್ವಾ ಇಷ್ಟ" ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ಕಣ್ಣು ಮಿಟುಕಿಸುತ್ತಿದ್ದರು. ಹನ್ನೊಂದು ಗಂಟೆಯ ಮಜ್ಜಿಗೆಗೆ ಬಾಯಿ ಶುದ್ಧವಿಟ್ಟುಕೊಂಡಿದ್ದ ಮನುಷ್ಯನ ಹೆಸರಿನಲ್ಲಿ!

ತಾಯಿಯನ್ನು ಸಾಲಿನ ಕೊನೆಯಲ್ಲಿ ಕೂರಿಸಿದರು. ಎಲೆಗೆ ತುಂಡು ಬಿದ್ದಾಗ ಆಕೆ ಮೆಲ್ಲಗೆ ಕೇಳಿದರು: "ಕೊಯ್ಯಾಕೆ ಮುಲ್ಲಾನ್ನ ಕರೆಸಿದ್ರೇನ್ರಪ್ಪಾ?"

ಯಾರಿಗೂ ಆ ಯೋಚನೆಯೇ ಬಂದಿರಲಿಲ್ಲ. ಕಂಟ್ರಾಕ್ಟರ್ ನಕ್ಕರು. "ಸತ್ತ ಕುರಿಗೆ ಯಾವ ಜಾತಿ ಅಮ್ಮಾ? ಉಣ್ಣಮ್ಮಾ, ಉಣ್ಣು."

ಸಾಲಿಗೆ ಸಾಲೇ ನಕ್ಕಿತು. ಮುಲ್ಲಾ ಕೊಯ್ಯದ ಮಾಂಸ; ಮಗನ ನೆನಪಿನ ಊಟವನ್ನು ತಾಯಿ ಉಣ್ಣುವಂತಿರಲಿಲ್ಲ. ನಾನು ಬೇರೆ ಎಲೆ ಹಾಕಿ, ಅನ್ನ ಬಡಿಸಿ, ಮಜ್ಜಿಗೆ ಹಾಕಿದೆ. ಆಕೆ ಕೈ ಹಾಕದೆ ಚನ್ನಗಿರಿಯವರ ಮುಖವನ್ನೇ ನೋಡುತ್ತಿದ್ದರು. ಅಷ್ಟರಲ್ಲಿ ಎಲ್ಲಿಂದಲೋ ಒಂದು ನಾಯಿ ಬಂದು ಗಾಡಿಯ ಮುಂದಿನ ಎಡೆಗೆ ಬಾಯಿ ಹಾಕಿತು. ಜಗಳೂರಿನ ಜಮೀನ್ದಾರರು ಎಲುಬು ಎತ್ತಿ ತೋರಿಸಿ ಕೂಗಿದರು: "ಮಿಸ್ತ್ರಿ ಬಂದ ನೋಡ್ರೋ ಉಣ್ಣಾಕೆ! ಬ್ರೇಕ್ ಇಲ್ದಂಗೆ ಬಂದವ್ನೆ!"

ಮತ್ತೆ ನಗು. ಕೆಲವರಿಗೆ ನಕ್ಕು ನಕ್ಕು ಕೆಮ್ಮು ಬಂತು.

ಆಗ ಚನ್ನಗಿರಿಯವರು ಎದ್ದು ನಿಂತರು. ಬೆರಳಿನ ಜಿಡ್ಡನ್ನು ಕರವಸ್ತ್ರಕ್ಕೆ ಒರೆಸಿಕೊಂಡರು. ಅದೇ ಕರವಸ್ತ್ರವೋ, ಬೇರೆಯದೋ, ನನಗಂತೂ ಅದೇ ಎನಿಸಿತು.

"ಮಿಸ್ತ್ರಿ ನಮ್ಮವ್ನೇ. ಗೇಟ್ರು ಹಾಕೋದ್ರಾಗೆ ಕೈ ತಪ್ತು. ಮನುಷ್ಯ ಅಂದ ಮ್ಯಾಲೆ ತಪ್ಪು ಆಗ್ತೈತೆ. ನನ್ನ ಭುಜ ಮುರೀತು, ಆದ್ರೂ ನಾನು ಮನಸಿನಾಗೆ ಇಟ್ಕಂಡಿಲ್ಲ. ಅವ್ರ ತಾಯಿ ಮುಂದೇನೇ ಹೇಳ್ತೀನಿ, ಕ್ಷಮಿಸಿಬಿಟ್ಟೀನಿ. ಉಣ್ರಿ, ಉಣ್ರಿ."

ಚಪ್ಪಾಳೆ ಬಿತ್ತು. ಎಂಜಲು ಕೈಯ ಚಪ್ಪಾಳೆ; ಆ ಸದ್ದು ಒದ್ದೆಯಾಗಿತ್ತು.

ಸಾಲಿನ ನಡುವೆ ನಿಂತಿದ್ದೆ. ಎಡಗೈಯಲ್ಲಿ ಮಜ್ಜಿಗೆಯ ಬಕೀಟು, ಬಲಗೈಯಲ್ಲಿ ಸೌಟು. ಗೀಟು ಇತ್ತು, ಇವರೇ ಒರೆಸಿದರು, ನಾನು ಕಂಡಿದ್ದೇನೆ: ಹೇಳಬೇಕಾದದ್ದು ಇಷ್ಟೇ. ತಾಯಿ ಕೂತ ಕಡೆಯಿಂದ ಶುರುಮಾಡಿದ್ದೆ, ಮುಂದೆ ಒಂಬತ್ತು ಎಲೆ ಉಳಿದಿದ್ದವು. ಹಿಡಿದ ಸಾಲನ್ನು ನಡುವೆ ಬಿಡಬಾರದು ಎಂದು ನಾನೇ ಹುಡುಗರಿಗೆ ಕಲಿಸುತ್ತಿದ್ದವನು. ಇದೊಂದು ಸಾಲು ಮುಗಿಯಲಿ, ಆಮೇಲೆ ಹೇಳುತ್ತೇನೆ ಎಂದುಕೊಂಡೆ. ಒಂಬತ್ತು ಎಲೆಗೂ ಚೆಲ್ಲದಂತೆ ಮಜ್ಜಿಗೆ ಬಡಿಸಿದೆ. ತಿರುಗಿ ನೋಡಿದರೆ ಕೊನೆಯ ಎಲೆಯ ಮುಂದೆ ಯಾರೂ ಇರಲಿಲ್ಲ. ಆಕೆ ಜಗಳೂರಿನ ದಾರಿ ಹಿಡಿದು, ಸೆರಗನ್ನು ತಲೆಯ ಮೇಲೆಳೆದುಕೊಂಡು, ಬಿಸಿಲಿನಲ್ಲಿ ಆಗಲೇ ದೂರ ಸಾಗಿದ್ದರು. ಹಿಂದೆ ಫಟಫಟಿಗಳು ಶುರುವಾದವು. ಊಟ ಅರಗಿಸಲು ಒಂದು ಸುತ್ತು ಓಟವಂತೆ. "ಮೇಷ್ಟ್ರೇ, ಗಡಿಯಾರ!" ಎಂದು ಯಾರೋ ಕೂಗಿದರು. ಎದೆಯ ಬಿಲ್ಲೆಯನ್ನು ಕಿತ್ತು ಎಂಜಲೆಲೆಗಳ ಮೇಲೆ ಎಸೆದು ನಡೆದೆ. ಯಾರೂ ಗಮನಿಸಲಿಲ್ಲ. ಗಮನಿಸುವಂಥದ್ದೂ ಅಲ್ಲ.

ಮುಂದಿನ ಭಾನುವಾರ ಹೊನ್ನಾಳಿಗೆ, ಅವರ ಮನೆಗೆ ಹೋದೆ. ಗೀಟು, ಕರವಸ್ತ್ರ, ಮಿಸ್ತ್ರಿಯ ಕೊನೆಯ ಮಾತು, ಎಲ್ಲವನ್ನೂ ಹೇಳಿದೆ. ಆಕೆ ಅಳಲಿಲ್ಲ. ಅಕ್ಕಿ ಆರಿಸುತ್ತಿದ್ದ ಮೊರವನ್ನು ಕೆಳಗಿಟ್ಟರು.

"ನಾನು ನಿಮ್ಮನ್ನೇ ನೋಡ್ತಿದ್ದೆ ಮೇಷ್ಟ್ರೇ. ಕೈಯಾಗೆ ಸೌಟಿತ್ತು, ಸರಿ. ಬಾಯಾಗೆ ಏನಿತ್ತು?"

ನ್ಯಾಮತಿಗೆ ಮರಳಿ ಸಂತೆಯಲ್ಲಿ, ಶಾಲೆಯಲ್ಲಿ, ಕಂಡಕಂಡವರಿಗೆಲ್ಲ ಹೇಳಿದೆ. "ವರ್ಷದ ಮ್ಯಾಲೆ ನೆನಪಾತೇನ್ರಿ ಮೇಷ್ಟ್ರಿಗೆ?" ಎಂದರು. ಮಳೆಗಾಲಕ್ಕೆ ಮುಂಚೆ ಮಿಸ್ತ್ರಿಯ ತಮ್ಮ ಸಾಮಾನು ಕಟ್ಟಿಕೊಂಡು ಭದ್ರಾವತಿ ಕಡೆ ಕೂಲಿಗೆ ಹೋದ. ದೊಡ್ಡಮ್ಮ ಕೆಲವು ದಿನ ಹನ್ನೊಂದಕ್ಕೆ ಮಜ್ಜಿಗೆಯ ಚೊಂಬು ಹಿಡಿದು ಬಾಗಿಲ ತನಕ ಬಂದು, ಖಾಲಿ ಕಟ್ಟೆ ನೋಡಿ ಒಳಗೆ ಹೋಗುತ್ತಿದ್ದರು...

ಈಗ ಆ ಬಯಲಿನವರು ಯಾರೂ ಇಲ್ಲ, ಆ ತಾಯಿಯೂ ಇಲ್ಲ. ಮಜ್ಜಿಗೆಯನ್ನು ನಾನು ಅಂದಿನಿಂದ ಕುಡಿದಿಲ್ಲ. ಹೊಟ್ಟೆಗೆ ಆಗುವುದಿಲ್ಲ ಎಂದು ಮನೆಯವರಿಗೆ ಹೇಳಿದ್ದೇನೆ.

ಮಂಗಳವಾರ ಮೊಮ್ಮಗ ಕೈ ತೊಳೆದು ಬಂದು ಮತ್ತೆ ಗಾಡಿ ಹತ್ತಿದ. ಗೆಳೆಯರ ಜೊತೆ ಹರಿಹರಕ್ಕೆ ಹೋಗಬೇಕಂತೆ. "ಟೈರಿಗೆ ಗೀಟು ಹಾಕಿದ್ದಾನಲ್ಲೋ" ಎಂದೆ. "ಅದೇನಿಲ್ಲ ಬಿಡಜ್ಜ, ಇನ್ನೊಂದು ತಿಂಗ್ಳು ಓಡ್ತೈತೆ" ಎಂದು ಬಗ್ಗಿ ಹೆಬ್ಬೆರಳಿನಿಂದ ಅದನ್ನು ಉಜ್ಜಿದ.

ಕೋಲು ಬೀಳಿಸಿ ಎದ್ದು ಹೋಗಿ ಬೀಗದಕೈ ಕಿತ್ತುಕೊಂಡೆ. ಬೀದಿಯ ಜನ ನಿಂತು ನೋಡುವಷ್ಟು ಜೋರಾಗಿ ಕೂಗಿದೆನಂತೆ. ಹುಡುಗ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ನಿನ್ನೆ ಹೊಸ ಟೈರು ಬಂತು. ಹಳೆಯದು ಹಿತ್ತಲಿನಲ್ಲಿ ಬಿದ್ದಿದೆ. ಅರ್ಧ ಗೀಟು ಇನ್ನೂ ಇದೆ. ಅಷ್ಟು ದೊಡ್ಡ ದನಿ ನನ್ನಲ್ಲಿದೆ ಎಂದು ನನಗೇ ಗೊತ್ತಿರಲಿಲ್ಲ. ಅದು ಹೊರಟಿದ್ದು ಐವತ್ತು ವರ್ಷ ತಡವಾಗಿ, ಆ ಬಯಲಿನಲ್ಲಲ್ಲ, ನಮ್ಮ ಮನೆಯ ಮುಂದೆ, ಬೇರೆ ಹುಡುಗನಿಗೆ.