ಹಿತ್ತಲ ಬಾಗಿಲಿನ ಖಾರ

ನಮ್ಮವ್ವ ಸವಣೂರಿನಲ್ಲಿ ಕೆಂಪು ಖಾರ ಮಾರುತ್ತಿದ್ದ ಕಾಲದಲ್ಲಿ ಅದನ್ನು ಕೊಂಡೆನೆಂದು ಹೇಳುವವರು ಯಾರೂ ಇರಲಿಲ್ಲ. ಗಡಿಗೆ ಮಾತ್ರ ಖಾಲಿಯಾಗುತ್ತಿತ್ತು.

ಹಣ್ಣು ಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು, ಹುರಿದ ಮೆಂತೆ, ಲಿಂಬೆ ರಸ. ಅವ್ವ ರುಬ್ಬಲು ಕುಳಿತರೆ ಓಣಿಗೆಲ್ಲ ಸೀನು. ಆದರೆ ಐವತ್ತರ ದಶಕದ ಆ ದಿನಗಳಲ್ಲಿ ಖಾರ ಕೊಂಡು ತರುವ ಹೆಂಗಸಿಗೆ ಮೈಗಳ್ಳಿ ಎಂಬ ಹೆಸರು. ಹಾಗಾಗಿ ಗಿರಾಕಿಗಳೆಲ್ಲ ಸೆರಗಿನಲ್ಲಿ ಭರಣಿ ಮುಚ್ಚಿಕೊಂಡು ಹಿತ್ತಲ ಬಾಗಿಲಿಗೇ ಬರುವರು. "ಒಲಿ ಹಚ್ಚಾಕ ಒಂದೀಟು ಕೆಂಡ ಕೊಡ ಯವ್ವಾ" ಎನ್ನುವರು. ಅವರ ಮನೆಯ ಬೆಳಕಿಂಡಿಯಿಂದ ಹೊಗೆ ಏಳುತ್ತಿರುವುದು ನಮಗೆ ಕಾಣುತ್ತಲೇ ಇರುತ್ತಿತ್ತು.

ಹಾನಗಲ್ಲಿನ ತವರಿಗೆ ಹೋಗುವಾಗ ಬಸ್ಸಿನ ಟಿಕೀಟಿಗೆ ಯಾರ ಮುಂದೆಯೂ ಕೈಯೊಡ್ಡಬಾರದು ಎನ್ನುವುದೊಂದೇ ಅವ್ವನ ಹಟ. ಅವಳ ಅತ್ತೆಗೆ, ಅಂದರೆ ನಮ್ಮಜ್ಜಿಗೆ, ಇದು ಸರಿಬರಲಿಲ್ಲ.

"ಕೊಂಡಾಕಿಗೇ ಹೇಳ್ಕೊಳ್ಳಾಕ ನಾಚಿಕಿ. ಇದೆಂಥಾ ವ್ಯಾಪಾರವಾ? ನಾಕು ಮಂದಿ ಮುಂದ ಒಬ್ಬಾಕಿರ ಬಾಯಿಬಿಟ್ಟು ಹೇಳ್ಲಿ. ಇಲ್ಲಂದ್ರ ಈ ಗಡಿಗಿ ಮುಗೀತಂದ್ರ ಮುಗೀತು."

"ಹೇಳ್ತಾರ ತಗೋರಿ ಅತ್ತಿ" ಎಂದಳು ಅವ್ವ. ಗಡಿಗೆ ಅರ್ಧಕ್ಕಿಳಿದರೂ ಯಾರೂ ಹೇಳಲಿಲ್ಲ.

ಅಷ್ಟರಲ್ಲಿ ಎದುರು ಮನೆಯ ಸೊಸೆಯ ಕುಬಸ, ಅಂದರೆ ಸೀಮಂತ, ಬಂತು. ಬಸುರಿಗೆ ಓಣಿಯವರೆಲ್ಲ ಬುತ್ತಿ ಕಟ್ಟಿ ಒಯ್ಯುವುದು ನಮ್ಮ ಕಡೆಯ ಪದ್ಧತಿ. ಅವ್ವ, ಅಜ್ಜಿಯರ ನಡುವೆ ನಾನೂ ಕುಳಿತಿದ್ದೆ. ಬುತ್ತಿ ಬಿಚ್ಚಿದರೆ ಕಡಕ್ ರೊಟ್ಟಿ, ಎಣ್ಣೆಗಾಯಿ, ಮೊಸರನ್ನ. ಎಲ್ಲದರ ಮಗ್ಗುಲಿಗೂ ಅದೇ ಬಣ್ಣದ ಖಾರ. ಬಸುರಿ ಒಂದೊಂದನ್ನೂ ನಾಲಿಗೆಗೆ ಹಚ್ಚಿಕೊಂಡಳು.

"ಅಯ್ಯ, ಎಲ್ಲಾರದೂ ಒಂದ ರುಚಿ ಐತಲ್ರಿ! ಯಾರ ಕೈಯಾಂದು?"

"ನಾನ ಮಾಡೇನಿ."

"ನಂದೂ ನಾನ ರುಬ್ಬಿದ್ದು."

"ಮತ್ತ ಮೆಂತೆ ಹುರಿದು ಹಾಕೀರೋ, ಹಸೀದೋ?" ಎಂದು ಕೇಳಿದಳು ಬಸುರಿ.

"ಹಸೀದು" ಎಂದಳು ಒಬ್ಬಳು. "ಇದ್ರಾಗೆಲ್ಲೈತಿ ಮೆಂತೆ?" ಎಂದಳು ಇನ್ನೊಬ್ಬಳು. ಮೂರನೆಯವಳು ಬಾಯಾರಿದವಳಂತೆ ತಂಬಿಗೆ ಎತ್ತಿದಳು.

ಅವ್ವ ತಲೆ ತಗ್ಗಿಸಿ ಎಲೆ ಒರೆಸುತ್ತಿದ್ದಳು. ಅಜ್ಜಿಗೆ ತಡೆಯಲಾಗಲಿಲ್ಲ.

"ಹಸೀ ಮೆಂತೆ ಹಾಕಿದ್ರ ಕಹಿ ಆಗೂದಿಲ್ಲೇನ? ನಮ್ಮ ಸೊಸಿ ಕಣ್ಣಾಗ ನೀರು ಸುರಿಸ್ಕೋತ ರುಬ್ಬಿದ್ದದು! ಈ ಭರಣಿ ಎಲ್ಲಾ ನಮ್ಮ ಹಿತ್ತಲದಾಗ ಹಾದು ಬಂದಾವ!"

ಎಲ್ಲರೂ ನಕ್ಕರು, ತಂಬಿಗೆಯವಳಿಗೆ ಕೆಮ್ಮೇ ಬಂತು. "ಹಂಗಾರ ನನ್ನ ತವರಿಗೂ ಒಂದು ಭರಣಿ ಕೊಡ್ರಿ, ರೊಕ್ಕಾ ಕೊಟ್ಟ ಒಯ್ತೇನಿ" ಎಂದಳು ಬಸುರಿ, ನಾಕು ಮಂದಿಯ ಮುಂದೆ.

ಮರುದಿನ ಅಜ್ಜಿ ಹಿತ್ತಲ ಬಾಗಿಲಿಗೆ ಅಗುಳಿ ಜಡಿದು, ಗಡಿಗೆಯನ್ನು ಮುಂದಿನ ಕಟ್ಟೆಗೆ ತಂದಿಟ್ಟು ಕುಳಿತಳು. ಭರಣಿ ಹಿಡಿದು ಬಂದವರನ್ನೆಲ್ಲ "ಕೆಂಡ ಬೇಕೇನವಾ?" ಎಂದು ಕಾಡುವಳು.

ನಾಗರ ಪಂಚಮಿಗೆ ಅವ್ವ ತನ್ನದೇ ದುಡ್ಡಿನಲ್ಲಿ ಹಾನಗಲ್ಲಿನ ಬಸ್ಸು ಹತ್ತಿದಳು. ಅಜ್ಜಿ ಕಿಟಕಿಯ ಹತ್ತಿರ ಬಂದು ಮೆಲ್ಲಗೆ ಹೇಳಿದಳು:

"ಲಗೂ ಬಾರವಾ. ಗಡಿಗಿ ತಳ ಕಾಣಾಕತ್ತೈತಿ."