ಮೊದಲ ಹಿಡಿ ಅಕ್ಷತೆ

ಹೋದ ವಾರ ಮಾದಾಪುರದ ಹತ್ತಿರದ ರೆಸಾರ್ಟೊಂದರಲ್ಲಿ ಮದುವೆ ಕೆಲಸ ಹಿಡಿದಿದ್ದೆ. ಅಡುಗೆಯವರು ಪಂದಿಕರಿಗೆ ಸುರಿಯಲು ಕೊಡಗಿನ ಕಪ್ಪು ಹುಳಿರಸ, ಕಾಚಂಪುಳಿಯ ಬಾಟಲಿ ತೆರೆದರು. ಆ ಕಡು ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಮೂರ್ನಾಡಿನ ನಮ್ಮ ಹಳೆಯ ಬಾಡಿಗೆ ಮನೆಯ ಅಂಗಳದಲ್ಲಿದ್ದೆ. ಪಕ್ಕದ ಮನೆಯ ಆಂಟಿ ಹುಳಿ ಕುದಿಯುವ ಮಡಕೆಯ ಮುಂದೆ ಕೂತು ಯಾರಿಗೋ ಬೈಯುತ್ತಿದ್ದರು... ಬೈಯದ ದಿನ ಅವರಿಗೆ ಊಟ ಸೇರುತ್ತಿರಲಿಲ್ಲ.

ನಾವು ಕುಶಾಲನಗರದ ಕಡೆಯವರು, ಅಜ್ಜನ ಕಾಲಕ್ಕೆ ಹಾಸನದಿಂದ ಬಂದು ಬೇಸಾಯ ಹಿಡಿದವರು. ಆಂಟಿ ಕೊಡವರು. ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ ನನ್ನ ಗಂಡ ಎದೆನೋವು ಅಂತ ಕೂತವರು ಮತ್ತೆ ಏಳಲಿಲ್ಲ. ಮಗಳು ಆಗಿನ್ನೂ ಶಾಲೆಗೂ ಸೇರಿರಲಿಲ್ಲ. ಹೂವಿನ ಅಲಂಕಾರ ನನಗೆ ಮೊದಲಿನಿಂದಲೂ ಕೈಗೆ ಒಲಿದದ್ದು. ನಾಮಕರಣ, ಹುಟ್ಟುಹಬ್ಬ ಅಂತ ಶುರು ಮಾಡಿದೆ. ಇನ್ನು ಮದುವೆಗಳನ್ನೇ ವಹಿಸಿಕೊಳ್ಳುತ್ತೇನೆ ಅಂದಾಗ ನಮ್ಮವರೇ ನಕ್ಕರು. ಗಂಡ ಸತ್ತವಳು ಮದುವೆ ಮನೆಯಲ್ಲಿ ಮುಂದೆ ನಿಂತು ಓಡಾಡುವುದೇ?

"ಎಂತಕ್ಕೆ ಓಡಾಡಬಾರದು? ನಿನ್ನ ಕಾಲು ನೆಟ್ಟಗೆ ಉಂಟಲ್ಲ?" ಅಂದವರು ಆಂಟಿ ಒಬ್ಬರೇ.

ಮೊದಲ ಪೂರ್ತಿ ಮದುವೆ ಸಿಕ್ಕಿದ್ದು ಕುಶಾಲನಗರದ ಛತ್ರವೊಂದರಲ್ಲಿ, ನಮ್ಮದೇ ಜನದ್ದು. ಚಪ್ಪರ, ಹೂವು, ಅಡುಗೆ, ವಾಲಗ ಎಲ್ಲ ನನ್ನ ತಲೆ ಮೇಲೆ. ಅಲ್ಲಿ ಹೆಸರು ಕೆಟ್ಟರೆ ಮುಂದೆ ಯಾರೂ ಕರೆಯುತ್ತಿರಲಿಲ್ಲ, ಮಗಳನ್ನು ಕಟ್ಟಿಕೊಂಡು ತವರಿನ ಮೂಲೆ ಸೇರಬೇಕಿತ್ತು. ಧೈರ್ಯಕ್ಕಿರಲಿ ಅಂತ ಆಂಟಿಯನ್ನೂ ಕರೆದುಕೊಂಡು ಹೋಗಿದ್ದೆ. ಇನ್ನೇನು ಧಾರೆ ಶುರುವಾಗಬೇಕು, ಗಂಡಿನ ಸೋದರತ್ತೆ ನನ್ನನ್ನು ಅಡ್ಡಗಟ್ಟಿದರು.

"ನೀನು ಅಡುಗೆ ಮನೆ ಕಡೆ ಇರಮ್ಮ. ಧಾರೆ ಮುಗಿಯೋ ತನಕ ಮಂಟಪದ ಹತ್ರ ಸುಳೀಬೇಡ."

ಪಿತ್ತ ನೆತ್ತಿಗೇರಿತು. ಆದರೂ ಹೊಟ್ಟೆಪಾಡು ನೋಡಿ, ಅವರು ಹೇಳಿದ ಕಡೆಗೇ ಹೊರಟೆ. ದಾರಿಯಲ್ಲಿ ಕಂಬದ ಹಿಂದೆ ಮದುವಣಗಿತ್ತಿಯ ತಾಯಿ ಕಂಡರು. ಅವರೂ ಗಂಡನನ್ನು ಕಳೆದುಕೊಂಡವರು. ಧಾರೆ ಎರೆಯಲು ಹುಡುಗಿಯ ಚಿಕ್ಕಪ್ಪ, ಚಿಕ್ಕಮ್ಮ ಸಿದ್ಧವಾಗಿ ನಿಂತಿದ್ದರೆ ಹೆತ್ತ ತಾಯಿ ಕಳ್ಳಿಯ ಹಾಗೆ ಇಣುಕಿ ನೋಡುತ್ತಿದ್ದರು. ನನ್ನ ಹಿಂದೆಯೇ ಬಂದ ಆಂಟಿಯೂ ಅದನ್ನು ಕಂಡರು.

"ಹೆತ್ತವಳು ಇಲ್ಲಿ ಎಂತಕ್ಕೆ ನಿಂತದ್ದು?" ಅಂತ ಇಡೀ ಛತ್ರಕ್ಕೆ ಕೇಳುವ ಹಾಗೆ ಕೇಳಿಯೇಬಿಟ್ಟರು. "ನಂಗೂ ಗಂಡ ಇಲ್ಲ. ನನ್ನ ಮಗಳ ಮದುವೇಲಿ ಮೊದಲು ಅಕ್ಕಿ ಹಾಕಿದ್ದು ನಾನೇ. ನಮ್ಮಲ್ಲಿ ತಾಯಿ ಹಾಕದೆ ಬೇರೆಯವರು ಹಾಕೂದಿಲ್ಲ. ಅಳಿಯ ಗುಂಡುಕಲ್ಲಿನ ಹಾಗೆ ಇದ್ದಾನೆ, ಬೇಕಾದ್ರೆ ಕರೆಸ್ತೇನೆ, ನೋಡಿ!"

"ನಿಮ್ಮ ಪದ್ಧತಿ ನಿಮಗೆ, ನಮ್ಮದು ನಮಗೆ," ಅಂದರು ಸೋದರತ್ತೆ.

ಆ ಮಾತು ಸರಿಯಾಗಿಯೇ ಇತ್ತು. ಪದ್ಧತಿ ನಮ್ಮದು. ಅಂದಮೇಲೆ ಅದನ್ನು ಮುರಿಯಬೇಕಾದವಳು ಆಂಟಿಯಲ್ಲ, ನಾನು. ಹೊಟ್ಟೆಪಾಡು ಹಾಳಾಗಿ ಹೋಗಲಿ ಅಂದುಕೊಂಡು ಆ ತಾಯಿಯ ಕೈ ಹಿಡಿದೆ. ಮೊದಲು ಕೊಸರಿಕೊಂಡರು, ಆಮೇಲೆ ನೋಯುವಷ್ಟು ಬಿಗಿಯಾಗಿ ಹಿಡಿದುಕೊಂಡರು. ಇಬ್ಬರೂ ನೆಟ್ಟಗೆ ಮಂಟಪಕ್ಕೆ ಹೋದೆವು. ಅಮ್ಮನನ್ನು ಕಂಡದ್ದೇ ಹುಡುಗಿ ಅಳತೊಡಗಿದಳು. ಚಿಕ್ಕಪ್ಪ ತಲೆ ತಗ್ಗಿಸಿ ಜಾಗ ಬಿಟ್ಟರು. ತಾಯಿಯೇ ಧಾರೆ ಎರೆದರು. ಆದರೆ ಛತ್ರದಲ್ಲಿ ಒಂದು ಕೈಯೂ ಅಕ್ಷತೆಗೆ ಏಳಲಿಲ್ಲ... ಆಂಟಿ ಮುಂದೆ ಬಂದು ಮೊದಲ ಹಿಡಿ ಹಾಕಿದರು. ಆಮೇಲೆ ಒಬ್ಬೊಬ್ಬರಾಗಿ ಹಾಕಿದರು.

ಸೋದರತ್ತೆ ಊಟ ಮಾಡದೆ ಹೋದರು. ಎಷ್ಟೋ ತಿಂಗಳು ನನ್ನನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ. ಕೆಟ್ಟೆನಲ್ಲಾ ಅಂತ ಅತ್ತರೆ ಆಂಟಿ ಗದರಿದರು. "ಥೂ, ಅಳ್ಬೇಡ ಮಾರಾಯ್ತಿ! ಕಂಬದ ಹಿಂದೆ ನಿಂತದ್ದು ಅವಳೊಬ್ಬಳೇ ಅಂತ ಮಾಡಿದ್ದೀಯಾ?"

ಒಂದು ದಿನ ಸೋಮವಾರಪೇಟೆ ಕಡೆಯ ತಾಯಿಯೊಬ್ಬರು ಹುಡುಕಿಕೊಂಡು ಬಂದರು. "ನೀವು ಮಾಡಿಸೋ ಮದುವೇಲಿ ನಮ್ಮಂಥೋರೂ ಮುಂದೆ ನಿಲ್ಲಬಹುದಂತೆ, ಹೌದಾ?" ಅಂತ ಕೇಳಿದರು. ಅವರಿಂದ ಇನ್ನೊಬ್ಬರು, ಅವರಿಂದ ಮತ್ತೊಬ್ಬರು... ಈಗ ಈ ಜಿಲ್ಲೆಯಲ್ಲಿ ನನ್ನನ್ನು ಅರಿಯದ ಛತ್ರವಿಲ್ಲ. ಜಂಬ ಅಂತೀರಾ? ಅನ್ನಿ. ದುಡಿದು ಸಂಪಾದಿಸಿದ ಜಂಬ.

ಆಂಟಿ ಹೋದ ಮಳೆಗಾಲದಲ್ಲಿ ತೀರಿಕೊಂಡರು. ಅವರ ಮನೆ ಈಗ ಹೋಂಸ್ಟೇ ಆಗಿದೆ. ಮೊನ್ನೆ ನನ್ನ ಮಗಳಿಗೆ ಮದುವೆ ಗೊತ್ತಾಯಿತು. ಗಂಡಿನ ಕಡೆಯ ಹಿರಿಯರು ಫೋನ್ ಮಾಡಿ ಮೆತ್ತಗೆ, "ಧಾರೆಗೆ ನಿಮ್ಮ ಅಣ್ಣ, ಅತ್ತಿಗೆ ನಿಂತ್ರೆ ಚೆನ್ನಾಗಿರುತ್ತಲ್ವಾ?" ಅಂದರು.

"ಚೆನ್ನಾಗಿರಲ್ಲ. ನಾನೇ ಎರೀತೀನಿ. ಆಗಲ್ಲ ಅಂದ್ರೆ ಈಗಲೇ ಹೇಳಿಬಿಡಿ, ಇನ್ನೂ ಪತ್ರಿಕೆ ಅಚ್ಚಾಗಿಲ್ಲ," ಅಂದೆ.

ಆ ಕಡೆ ಮನೆಯವರೊಡನೆ ಗುಸುಗುಸು ಕೇಳಿಸಿತು. ಆಮೇಲೆ, "ಆಗ್ಲಿ ಬಿಡಮ್ಮ," ಅಂದರು.

ಫೋನ್ ಇಟ್ಟೆ. ಓಡಿ ಹೋಗಿ ಹೇಳಬೇಕಿದ್ದದ್ದು ಒಬ್ಬರಿಗೇ, ಅವರೇ ಇಲ್ಲ. ಗೆದ್ದೆ ಆಂಟಿ. ಆದರೆ ನನ್ನ ಮಗಳ ತಲೆಗೆ ಮೊದಲ ಹಿಡಿ ನಿಮ್ಮ ಕೈಯಿಂದಲೇ ಬೀಳಬೇಕು ಅಂತ ಎಷ್ಟು ಆಸೆಯಿತ್ತು... ಇರಲಿ. ನಿಮ್ಮಲ್ಲಿಯ ಹಾಗೆ, ತಾಯಿಯೇ ಹಾಕುತ್ತಾಳೆ.