ಸೂಜಿಯವ್ವನ ಬಲಗೈ

ಪೋತ್ನಾಳದಿಂದ ಮಾನ್ವಿವರೆಗೆ ಹಟ ಮಾಡುವ ಮಕ್ಕಳಿಗೆ ತಾಯಂದಿರು ಹೇಳುವುದು ಒಂದೇ ಮಾತು: "ಸುಮ್ಮನಿರು, ಸೂಜಿಯವ್ವ ಬರ್ತಾಳ." ದೇವದುರ್ಗದಲ್ಲಿ ಹುಟ್ಟಿದಾಗ ಅವಳಿಗೆ ಇಟ್ಟ ಗೋಪಮ್ಮ ಎಂಬ ಹೆಸರು ಈಗ ಆಧಾರ್ ಕಾರ್ಡಿನಲ್ಲಷ್ಟೇ ಉಳಿದಿತ್ತು. ಮಾನ್ವಿಯ ಖಾಸಗಿ ದವಾಖಾನೆಯೊಂದರಲ್ಲಿ ಮೂವತ್ತೊಂದು ವರ್ಷದಿಂದ ನರ್ಸ್. ಅವಳು ಸೂಜಿ ಮಾಡಿದರೆ ಕೂಸಿಗೆ ಗೊತ್ತೇ ಆಗುವುದಿಲ್ಲ ಎಂದು ಊರೆಲ್ಲ ಮಾತು.

ಒಂದು ಮುಂಜಾನೆ ರೊಟ್ಟಿ ಬಡಿಯುವಾಗ ಬಲಗೈ ಹೆಬ್ಬೆರಳು ತಾನಾಗಿಯೇ ಕುಣಿಯಿತು. ದಣಿವೆಂದುಕೊಂಡಳು. ತಿಂಗಳೊಳಗೆ ನಡುಕ ಮಣಿಕಟ್ಟಿಗೆ ಏರಿತು. ಕೈ ಸೆರಗಿನೊಳಗೆ ಸೇರಿತು. ಚರ್ಚಿನಲ್ಲಿ ತಿಂಗಳ ಮೊದಲ ಭಾನುವಾರ ಕರ್ತನ ಭೋಜನ, ಯೇಸುವಿನ ನೆನಪಿಗೆ ಎಲ್ಲರೂ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವ ವಿಧಿ. ದ್ರಾಕ್ಷಾರಸದ ಪುಟ್ಟ ಲೋಟ ಹಿಡಿದರೆ ಗುಟ್ಟು ರಟ್ಟು. ಅದಕ್ಕೇ ಬಾಗಿಲ ಬಳಿ ಕೂತು, ಲೋಟದ ತಟ್ಟೆ ಎತ್ತುವ ಹೊತ್ತಿಗೆ "ದವಾಖಾನಿಂದ ಫೋನು" ಎಂದು ಎದ್ದುಬಿಡುತ್ತಿದ್ದಳು. ದವಾಖಾನೆಯಲ್ಲಿ ಏನಾದರೊಂದು ನೆಪ ಹೇಳಿ ಸೂಜಿಯನ್ನು ಕಿರಿಯ ನರ್ಸಿಗೆ ಬಿಡುತ್ತಿದ್ದಳು. ಮೂರು ತಿಂಗಳು ಹೀಗೇ ಸಾಗಿತು. ಸೂಜಿ ಮಾಡಲಾರದ ಸೂಜಿಯವ್ವ ಯಾರಿಗೆ ಬೇಕು?

ಒಂದು ಶುಕ್ರವಾರ ವಿಶಾಖಾ ತನ್ನ ಹತ್ತು ವಾರದ ಮಗಳನ್ನು ಲಸಿಕೆಗೆ ಕರೆತಂದಳು. ವಿಶಾಖಾ ತಾನು ಕೂಸಾಗಿದ್ದಾಗ ಹಾಕಿಸಿಕೊಂಡ ಮೊದಲ ಸೂಜಿಯೂ ಗೋಪಮ್ಮನ ಕೈಯದೇ. ಕಿರಿಯ ನರ್ಸ್ ನಾಗರತ್ನಾ ಮುಂದೆ ಬಂದರೆ ವಿಶಾಖಾ ಒಪ್ಪಲಿಲ್ಲ.

"ನೀವು ಸರೀರಿ ಅಕ್ಕಾ. ನಮ್ಮ ಕೂಸಿಗೆ ಸೂಜಿಯವ್ವನ ಕೈಲೇ ಆಗಬೇಕು."

ಕೂಸಿನ ಒಂದು ಕಾಲುಚೀಲ ಜಾರಿತ್ತು. ಗೋಪಮ್ಮ ಅದನ್ನು ಏರಿಸಿ, ತೊಡೆಗೆ ಹತ್ತಿ ಒರೆಸಿ, ಸೂಜಿ ಎತ್ತಿದಳು. ಸೂಜಿಯ ತುದಿ ಗಾಳಿಯಲ್ಲಿ ಏನೋ ಗೀಚತೊಡಗಿತು. ಕೂಸು ಅದನ್ನು ಆಟವೆಂದು ತಿಳಿದು ನಕ್ಕಿತು. ತೊಡೆ ಇನ್ನೂ ಬೆರಳಗಲ ದೂರ ಇರುವಾಗ ಗೋಪಮ್ಮ ಕೈ ಹಿಂದೆಳೆದು ಸೂಜಿಯನ್ನು ತಟ್ಟೆಯಲ್ಲಿಟ್ಟಳು.

"ನೀ ಮಾಡವ್ವಾ ನಾಗರತ್ನಾ. ನನ್ನ ಕೈ ನನ್ನ ಮಾತು ಕೇಳವಲ್ದು. ಮೂರು ತಿಂಗಳಾತು, ಯಾರಿಗೂ ಹೇಳಿದ್ದಿಲ್ಲ."

ವಿಶಾಖಾ ಮಗಳನ್ನು ಅವಚಿಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು. ಆ ಒಂದು ಹೆಜ್ಜೆ ಗೋಪಮ್ಮನಿಗೆ ಚುಚ್ಚಿತು.

ಸಂಜೆ ಡಾಕ್ಟರು ರಾಯಚೂರಿನ ನರದ ಡಾಕ್ಟರಿಗೆ ತೋರಿಸಲು ಚೀಟಿ ಬರೆದುಕೊಟ್ಟರು. ನಾಳೆಯಿಂದ ಬರುವುದು ಬೇಡ ಎಂದರು.

ಎರಡೇ ದಿನಕ್ಕೆ ತಿಂಗಳ ಮೊದಲ ಭಾನುವಾರ ಬಂತು. ಗೋಪಮ್ಮ ಬಾಗಿಲ ಬಳಿಯೇ ಕೂತಳು. ಇನ್ನು ಯಾವ ಫೋನೂ ಬರುವಂತಿರಲಿಲ್ಲ. ತಟ್ಟೆ ಸಾಲು ದಾಟಿ ಸಾಲು ಹತ್ತಿರವಾಯಿತು. ಪಾಸ್ಟರ್ ಜಂಬಣ್ಣನವರು ಎದುರು ನಿಂತರು. ಲೋಟ ಹಿಡಿದದ್ದೇ ತಡ, ರಸ ತುಳುಕಿ ಬಿಳಿ ಸೀರೆಯ ಮೇಲೆ ಕೆಂಪಗೆ ಹರಡಿತು. ಮುಂದಿನ ಸಾಲಿನವರು ತಿರುಗಿ ನೋಡಿದರು.

"ನಾ ಈಗ ಯಾವ ಕೆಲಸಕ್ಕೂ ಬರಂಗಿಲ್ರಿ, ಪಾಸ್ಟರ್."

"ಕೆಲಸಕ್ಕ ನಿನ್ನ ಯಾರು ಕರದಾರ? ಇದು ಊಟದ ಪಂಕ್ತಿ. ಕೊಟ್ಟು ಕೊಟ್ಟು ತಗೊಳ್ಳೋದು ಮರತೀದಿ. ಕರ್ತ ತಾನ ಬಡಸಾಕತ್ತಾನ. ಬಾಯಿ ತೆರಿ, ಗೋಪಮ್ಮ."

ಅವರು ಇನ್ನೊಂದು ಲೋಟ ಎತ್ತಿ ಅವಳ ತುಟಿಗೆ ಹಿಡಿದರು. ಎಷ್ಟೋ ವರ್ಷಗಳ ಮೇಲೆ ಕೇಳಿದ ಆ ಹೆಸರಿಗೆ ಅವಳು ಕೂಸಿನಂತೆ ಬಾಯಿ ತೆರೆದಳು.

ಆರಾಧನೆ ಮುಗಿದು ಚಪ್ಪಲಿ ಮೆಟ್ಟುವಾಗ ಎಡಗೈ ಹೆಬ್ಬೆರಳು ಮೊದಲ ಸಲ ಕುಣಿಯಿತು. ಗೋಪಮ್ಮ ನೋಡುತ್ತ ನಿಂತಳು. ಕೈಯನ್ನು ಸೆರಗಿನೊಳಗೆ ಸೇರಿಸಲಿಲ್ಲ.